ಸ್ಕೀ ಬೂಟಿನ ಅಳತೆ ಹಿಮ್ಮಡಿಯಿಂದ ಶುರು

ಸ್ಕೀ ಬೂಟು ಹಾಕಿಕೊಂಡ ಮೊದಲ ಐದು ನಿಮಿಷದಲ್ಲೇ ‘ಅಬ್ಬಾ, ಎಷ್ಟು ಹಾಯಾಗಿದೆ’ ಅನ್ನಿಸಿದರೆ ಅದು ಬಹಳ ಸಲ ಒಂದು ಸೈಜು ದೊಡ್ಡದಾಗಿರುತ್ತದೆ. ಕಾಲು ಮರಗಟ್ಟುತ್ತದೆ, ಹೆಬ್ಬೆರಳ ಉಗುರು ಕಪ್ಪಾಗುತ್ತದೆ ಎಂದು ದೂರುವ ಮಹಿಳೆಯರ ಬೂಟು ಬಿಚ್ಚಿ ನೋಡಿದರೆ ಬಿಗಿ ಬೂಟಿಗಿಂತ ಸಡಿಲ ಬೂಟೇ ಹೆಚ್ಚು ಸಿಗುವುದು. ಹಿಮ್ಮಡಿ ಒಳಗೆ ಏಳುತ್ತಿದ್ದರೆ ಪಾದ ಮುಂದಕ್ಕೆ ಜಾರಿ ಬೆರಳು ಎದುರಿನ ಗೋಡೆಗೆ ಗುದ್ದುತ್ತದೆ. ಅದನ್ನು ತಡೆಯಲು ಬಕಲ್ ಬಿಗಿಯುತ್ತೀರಿ. ಪಾದದ ಮೇಲ್ಭಾಗದಲ್ಲಿ ಚರ್ಮದ ಕೆಳಗೇ ರಕ್ತನಾಳ, ನರಗಳು ಹಾದುಹೋಗುತ್ತವೆ. ಬಕಲ್ ಅವನ್ನು ಅದುಮಿದ ಮೇಲೆ ಬೆರಳಿಗೆ ರಕ್ತ ಸರಿಯಾಗಿ ಇಳಿಯುವುದಿಲ್ಲ, ಜೋಮು ಹಿಡಿಯುತ್ತದೆ. ಆಗ ದಪ್ಪ ಕಾಲುಚೀಲ ಹಾಕಿದರೆ ಚಳಿ ಇನ್ನಷ್ಟು.

ಸೈಜು ಮಾಂಡೋಪಾಯಿಂಟ್ ಲೆಕ್ಕದಲ್ಲಿರುತ್ತದೆ, ಅಂದರೆ ಪಾದದ ಉದ್ದ ಸೆಂಟಿಮೀಟರಿನಲ್ಲಿ. ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ ನಿಂತು, ಅತಿ ಉದ್ದದ ಬೆರಳಿನ ತುದಿಯವರೆಗೆ ಅಳೆಯಿರಿ. ಎರಡೂ ಪಾದ ಅಳೆಯಬೇಕು, ಒಂದು ಚೂರು ಉದ್ದ ಇರುವುದು ಸಾಮಾನ್ಯ. 24.3 ಬಂದರೆ 24.5ರಿಂದ ಶುರುಮಾಡಿ. ದಿನನಿತ್ಯದ ಶೂ ನಂಬರನ್ನು ಕೋಷ್ಟಕದಲ್ಲಿ ಹುಡುಕಿ ಬೂಟು ಕೊಳ್ಳಬೇಡಿ. ನಡೆಯುವ ಶೂನಲ್ಲಿ ಬೆರಳ ಮುಂದೆ ಜಾಗ ಬಿಟ್ಟು ಕೊಂಡಿರುತ್ತೀರಿ, ಆ ಜಾಗವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಇನ್ನೊಂದು ವಿಷಯ: ಬಹುತೇಕ ತಯಾರಕರಲ್ಲಿ 24 ಮತ್ತು 24.5ಕ್ಕೆ ಹೊರಗಿನ ಪ್ಲಾಸ್ಟಿಕ್ ಶೆಲ್ ಒಂದೇ, ಒಳಗಿನ ಲೈನರ್ (ಮೆತ್ತನೆಯ ಒಳಬೂಟು) ಅಥವಾ ಇನ್‌ಸೋಲ್ ಮಾತ್ರ ಬೇರೆ. ‘ಅರ್ಧ ಸೈಜು ದೊಡ್ಡದು ಕೊಡಿ’ ಎಂದು ಕೇಳಿ 24.5 ತಂದರೆ ಪ್ಲಾಸ್ಟಿಕ್ಕಿನಲ್ಲಿ ಏನೂ ಬದಲಾಗಿರುವುದಿಲ್ಲ.

ಶೆಲ್ ಪರೀಕ್ಷೆಯನ್ನು ಯಾರೂ ಬಿಡಬಾರದು. ಲೈನರನ್ನು ಪೂರ್ತಿ ಹೊರತೆಗೆಯಿರಿ. ಬರೀ ಶೆಲ್ಲಿನೊಳಗೆ ಕಾಲಿಟ್ಟು, ಬೆರಳ ತುದಿ ಮುಂದಿನ ಗೋಡೆಗೆ ಮೆಲ್ಲಗೆ ತಾಗುವಷ್ಟು ಮುಂದೆ ಸರಿದು, ಮೊಣಕಾಲು ಸ್ವಲ್ಪ ಬಗ್ಗಿಸಿ. ಈಗ ಹಿಮ್ಮಡಿಯ ಹಿಂದೆ ಎಷ್ಟು ಸಂದಿಯಿದೆ ನೋಡಬೇಕು, ಟಾರ್ಚ್ ಹಿಡಿದು ನೋಡಲು ಇನ್ನೊಬ್ಬರಿದ್ದರೆ ಒಳ್ಳೆಯದು. 15ರಿಂದ 20 ಮಿಲಿಮೀಟರ್ ಇದ್ದರೆ ಹೆಚ್ಚಿನವರಿಗೆ ಸರಿ. 10ರಿಂದ 15 ಇದ್ದರೆ ವೇಗವಾಗಿ, ಕರಾರುವಾಕ್ಕಾಗಿ ತಿರುಗುವವರಿಗೆ. 25 ದಾಟಿದರೆ ಆ ಬೂಟನ್ನು ಪಕ್ಕಕ್ಕಿಡಿ, ಎಷ್ಟೇ ಮೆತ್ತಗಿದ್ದರೂ. ಲೈನರಿನ ಸ್ಪಂಜು ಮೊದಲ ಹದಿನೈದಿಪ್ಪತ್ತು ದಿನದ ಸ್ಕೀಯಿಂಗ್‌ನಲ್ಲಿ ಅಮುಕಿಹೋಗಿ ಬೂಟು ತಾನಾಗಿಯೇ ಸಡಿಲವಾಗುತ್ತದೆ. ಇಂದೇ ಸಡಿಲವಿದ್ದದ್ದು ಆಮೇಲೆ ಬಕೆಟ್ಟಿನಂತಾಗುತ್ತದೆ.

ಮಹಿಳೆಯರ ಬೂಟನ್ನು ಬೇರೆಯಾಗಿ ಮಾಡುವುದಕ್ಕೆ ಮುಖ್ಯ ಕಾರಣ ಬಣ್ಣವಲ್ಲ, ಮೀನಖಂಡ. ಹೆಂಗಸರಲ್ಲಿ ಮೀನಖಂಡದ ಸ್ನಾಯು ಸಾಮಾನ್ಯವಾಗಿ ಕಾಲಿನ ಮೇಲೆ ಇನ್ನಷ್ಟು ಕೆಳಗಿನವರೆಗೆ ಇಳಿದಿರುತ್ತದೆ. ಗಂಡಸರ ಬೂಟಿನ ಎತ್ತರದ ಕಫ್ (ಕಾಲನ್ನು ಸುತ್ತುವ ಮೇಲ್ಭಾಗ) ಆ ಸ್ನಾಯುವಿನ ದಪ್ಪ ಭಾಗವನ್ನೇ ಹಿಡಿಯುತ್ತದೆ. ಮೇಲಿನ ಬಕಲ್ ಹಾಕಲಾಗದೆ ಒದ್ದಾಟ, ಹಾಕಿದರೆ ಸ್ನಾಯು ಸೆಳೆತ, ಜೊತೆಗೆ ಕಫ್ ಹಿಂದಿನಿಂದ ತಳ್ಳಿ ಮೊಣಕಾಲು ಬೇಕಾದ್ದಕ್ಕಿಂತ ಹೆಚ್ಚು ಬಗ್ಗುತ್ತದೆ. ಇಳಿಜಾರಿನಲ್ಲಿ ತೊಡೆ ಬೇಗ ಉರಿಯಲು ಇದೂ ಒಂದು ಕಾರಣ. ಹಾಗಾಗಿ ಮಹಿಳೆಯರ ಮಾದರಿಗಳಲ್ಲಿ ಕಫ್ ಗಿಡ್ಡ, ಬಾಯಿ ಅಗಲ, ಹಿಮ್ಮಡಿಯ ಜಾಗ ಕಿರಿದು. ಆದರೆ ಸಪೂರ ಕಾಲಿನ, ಎತ್ತರದ ಮಹಿಳೆಗೆ ಗಂಡಸರ ಮಾದರಿಯೇ ಹೊಂದಿದರೆ ಅದನ್ನೇ ಕೊಳ್ಳಲಿ. ಲೇಬಲ್ ನೋಡಿ ಕಾಲು ಬೂಟಿಗೆ ಹೊಂದಿಕೊಳ್ಳುವುದಿಲ್ಲ. ಮೀನಖಂಡ ದಪ್ಪವಿದ್ದರೆ ಕಫ್‌ನ ಹಿಂಭಾಗದಲ್ಲಿ ಸಿಕ್ಕಿಸಿರುವ ಸ್ಪಾಯ್ಲರ್ ತುಂಡನ್ನು ತೆಗೆಸಿ, ಬಕಲ್ಲಿನ ಕೊಕ್ಕೆಪಟ್ಟಿಯನ್ನು ಸರಿಸಿಸಿ. ಹಲವು ಬೂಟಿನಲ್ಲಿ ಅದಕ್ಕೆ ತೂತುಗಳು ಮೊದಲೇ ಇರುತ್ತವೆ.

ಬೆರಳ ಬುಡದ ಹತ್ತಿರದ ಅಗಲವನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ: 98ರ ಆಸುಪಾಸು ಕಿರಿದು, 100 ಮಧ್ಯಮ, 102ರ ಮೇಲೆ ಅಗಲ. ಅದು ಒಂದು ಮಾದರಿ ಸೈಜಿನಲ್ಲಿ ಅಳೆದ ಅಂಕಿ. ಸೈಜು ಇಳಿದಂತೆ ಅಗಲವೂ ಇಳಿಯುತ್ತದೆ, ಚಿಕ್ಕ ಪಾದದವರು ಇದನ್ನು ನೆನಪಿಡಬೇಕು. ಅಗಲಕ್ಕಿಂತಲೂ ಪಾದದ ಮೇಲ್ಭಾಗದ ಎತ್ತರ ಹೆಚ್ಚು ತೊಂದರೆ ಕೊಡುತ್ತದೆ, ಅದನ್ನು ಡಬ್ಬದ ಮೇಲೆ ಬರೆಯುವವರು ಕಡಿಮೆ. ಹಾಕಿದ ಎರಡೇ ನಿಮಿಷಕ್ಕೆ ಅಂಗಾಲು ಜೋಮು ಹಿಡಿದರೆ ಅನುಮಾನ ಮೊದಲು ಅಲ್ಲಿಗೇ ಹೋಗಲಿ.

ಫ್ಲೆಕ್ಸ್ ಎಂಬುದು ಮುಂದಕ್ಕೆ ಬಾಗಲು ಬೂಟು ಎಷ್ಟು ತಡೆಯೊಡ್ಡುತ್ತದೆ ಎಂಬುದರ ಅಂಕಿ. ಕಲಿಯುವವರಿಗೆ 60–80, ಚೆನ್ನಾಗಿ ರೂಢಿಯಾದವರಿಗೆ 85–100, ಕಡಿದಾದ ಇಳಿಜಾರಿನಲ್ಲಿ ಒತ್ತಿ ಇಳಿಯುವವರಿಗೆ ಅದಕ್ಕೂ ಮೇಲೆ. ಇದಕ್ಕೆ ಎಲ್ಲ ತಯಾರಕರೂ ಒಪ್ಪಿದ ಮಾಪನವಿಲ್ಲ, ಒಬ್ಬರ 90 ಇನ್ನೊಬ್ಬರ 80 ಆಗಬಹುದು. ಬೆಚ್ಚಗಿನ ಅಂಗಡಿಯಲ್ಲಿ ಸುಲಭವಾಗಿ ಬಾಗುವ ಪ್ಲಾಸ್ಟಿಕ್ ಚಳಿಯಲ್ಲಿ ಗಟ್ಟಿಯಾಗುತ್ತದೆ ಎನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹೆಂಗಸು ಎಂದ ಮಾತ್ರಕ್ಕೆ ಮೆತ್ತನೆಯ ಬೂಟು ಕೊಡುವುದು ಅನ್ಯಾಯ. ತೂಕ, ಎತ್ತರ, ಪರಿಣತಿ ನೋಡಿ ಕೊಡಬೇಕು.

ಹಾಕಿಕೊಳ್ಳುವ ಕ್ರಮವೂ ಮುಖ್ಯ. ತೆಳುವಾದ ಒಂದೇ ಸ್ಕೀ ಕಾಲುಚೀಲ, ಅದರೊಳಗೆ ಪ್ಯಾಂಟಿನ ಅಂಚು, ಮಡಿಕೆ ಏನೂ ಇರಕೂಡದು. ಕಾಲಿಟ್ಟು ಹಿಮ್ಮಡಿಯನ್ನು ನೆಲಕ್ಕೆ ಎರಡು ಮೂರು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ. ಮೊದಲು ಪಾದದ ಕೀಲಿನ ಹತ್ತಿರದ ಬಕಲ್, ಆಮೇಲೆ ಕಫ್‌ನವು, ಅದರ ಮೇಲಿನ ಪಟ್ಟಿ. ಬೆರಳ ಕಡೆಯವು ಕೊನೆಗೆ, ಬರೀ ತಾಗುವಷ್ಟು. ನೆಟ್ಟಗೆ ನಿಂತಾಗ ಬೆರಳು ಮುಂದೆ ತಾಗುತ್ತದೆ, ಅದು ಸರಿಯೇ. ಮೊಣಕಾಲನ್ನು ಮುಂದಕ್ಕೊತ್ತಿದಾಗ ಬೆರಳು ಹಿಂದೆ ಸರಿದು ಬಿಡುವಾಗಬೇಕು, ಹಿಮ್ಮಡಿ ಮಾತ್ರ ಅಲುಗಬಾರದು. ಬಕಲ್ ಎರಡನೆಯ ಅಥವಾ ಮೂರನೆಯ ಹಲ್ಲಿಗೆ ಕೂತರೆ ಮುಂದೆ ಬಿಗಿಯಲು ಜಾಗ ಉಳಿಯುತ್ತದೆ. ಹೊಸ ಬೂಟಿನಲ್ಲೇ ಕೊನೆಯ ಹಲ್ಲಿಗೆ ಹೋದರೆ ಒಳಗೆ ಜಾಗ ಜಾಸ್ತಿ. ಹೀಗೇ ಇಪ್ಪತ್ತು ನಿಮಿಷ ಇರಿ, ಕುಳಿತು, ಎದ್ದು, ಬಾಗಿ. ಸುತ್ತಲೂ ಸಮನಾಗಿ ಕೈಕುಲುಕಿದಂಥ ಬಿಗಿತವಿದ್ದರೆ ಚೆಂದ. ಒಂದೇ ಬಿಂದುವಿನಲ್ಲಿ ಚುಚ್ಚಿದರೆ ಅದು ರಿಪೇರಿಯಾಗಬೇಕಾದ ಜಾಗ.

ಪಾದದ ಕಮಾನು ಕುಸಿಯುವವರಿಗೆ ಬೂಟಿನ ಜೊತೆ ಬರುವ ತೆಳು ಇನ್‌ಸೋಲ್ ಸಾಲದು. ಭಾರ ಬಿದ್ದಾಗ ಪಾದ ಉದ್ದವಾಗುತ್ತದೆ, ಅಗಲವಾಗುತ್ತದೆ. ಕಮಾನಿಗೆ ಆಸರೆ ಕೊಡುವ ಫುಟ್‌ಬೆಡ್ ಹಾಕಿದ ಮೇಲೆ ಅದೇ ಶೆಲ್ಲಿನಲ್ಲಿ ಜಾಗ ಸಿಗುವುದುಂಟು. ಆದ್ದರಿಂದ ಮೊದಲು ಫುಟ್‌ಬೆಡ್, ಆಮೇಲೆ ಲೈನರನ್ನು ಬಿಸಿಮಾಡಿ ಅಚ್ಚಿಗೆ ಕೂರಿಸುವುದು, ಶೆಲ್ ಹಿಗ್ಗಿಸುವುದು ಕೊನೆಗೆ.

ಬೂಟು ಆರಿಸುವಾಗಲೇ ಅಡಿಭಾಗದ ಗುರುತು ನೋಡಿ. ಸಾಮಾನ್ಯ ಆಲ್ಪೈನ್ (ಇಳಿಜಾರಿನ ಸ್ಕೀಯಿಂಗ್) ಅಡಿ ಐಎಸ್‌ಒ 5355 ಎಂಬ ಅಂತರರಾಷ್ಟ್ರೀಯ ಮಾನದಂಡದ್ದು. ನಡೆಯಲು ಬಾಗಿದ ರಬ್ಬರ್ ಅಡಿ ಇರುವ ಗ್ರಿಪ್‌ವಾಕ್ ಬೂಟನ್ನು ಅದಕ್ಕೆ ಒಪ್ಪುವ ಬೈಂಡಿಂಗ್‌ಗೆ (ಬೂಟನ್ನು ಸ್ಕೀಗೆ ಹಿಡಿದಿಟ್ಟು, ಬಿದ್ದಾಗ ಬಿಡುವ ಕೊಂಡಿಗೆ) ಮಾತ್ರ ಹಾಕಬೇಕು. ಹಳೆಯ ಬೈಂಡಿಂಗ್‌ಗೆ ಸಿಕ್ಕಿಸಿದರೆ ಬೀಳುವಾಗ ಅದು ಸರಿಯಾಗಿ ಬಿಡದಿರಬಹುದು, ಪೆಟ್ಟು ಮೊಣಕಾಲಿಗೆ. ಹಿಮ್ಮಡಿ ಬದಿಯಲ್ಲಿ ಕೊರೆದಿರುವ ಅಡಿಯ ಉದ್ದ, ಉದಾಹರಣೆಗೆ 285 ಮಿಲಿಮೀಟರ್, ಬದಲಾದರೆ ಬೈಂಡಿಂಗ್ ಮತ್ತೆ ಹೊಂದಿಸಿಸಲೇಬೇಕು.

ನಾಲ್ಕೈದು ದಿನ ಸ್ಕೀ ಮಾಡಿದ ಮೇಲೂ ಕಿರುಬೆರಳಿನ ಬುಡ ಅಥವಾ ಪಾದದ ಕೀಲಿನ ಒಳಮೂಳೆ ನೋಯುತ್ತಿದ್ದರೆ, ನೋವಿನ ಜಾಗಕ್ಕೇ ಚರ್ಮದ ಮೇಲೆ ಲಿಪ್‌ಸ್ಟಿಕ್ ಹಚ್ಚಿ, ಲೈನರ್ ತೆಗೆದ ಶೆಲ್ಲಿನೊಳಗೆ ಕಾಲಿಟ್ಟು, ಹಿಮ್ಮಡಿ ಹಿಂದಕ್ಕೊತ್ತಿ, ಪಾದವನ್ನು ಆ ಗೋಡೆಗೆ ತಾಗಿಸಿ ತೆಗೆಯಿರಿ. ಪ್ಲಾಸ್ಟಿಕ್ಕಿನ ಮೇಲೆ ಬಣ್ಣ ಅಂಟಿದಲ್ಲೇ ಬೂಟ್ ಫಿಟ್ಟರ್ ಬಿಸಿಮಾಡಿ ಕೆಲವು ಮಿಲಿಮೀಟರ್ ಹೊರಕ್ಕೆ ಉಬ್ಬಿಸುತ್ತಾರೆ.