ಕಾಲಿಗಿಂತ ಬಟ್ಟಲೇ ಕಷ್ಟ

ತೀರ್ಥಹಳ್ಳಿಯ ಮನೆ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದವರೆಲ್ಲ ಅಣ್ಣನ ಮಗಳಿಗೆ ಕೇಳಿದ್ದು ಒಂದೇ ಪ್ರಶ್ನೆ: 'ಮರದ ಕಾಲು ಮಾಡೋಕೆ ನಾಲ್ಕೂವರೆ ವರ್ಷ ಓದ್ಬೇಕಾ?' ಅವಳು ಬೆಂಗಳೂರಿನಲ್ಲಿ ಪ್ರಾಸ್ಥೆಟಿಕ್ಸ್ ಮತ್ತು ಆರ್ಥೋಟಿಕ್ಸ್, ಅಂದರೆ ಕೃತಕ ಕೈಕಾಲು ಮತ್ತು ಕೈಕಾಲಿನ ಆಸರೆಗಳನ್ನು ಮಾಡುವ ವಿದ್ಯೆಯ ಪದವಿ ಓದುತ್ತಿದ್ದಾಳೆ. ಬಡಗಿ ಕೆಲಸ ಅಂದವರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ.

ಪಾದ, ಪೈಪು ಎಲ್ಲ ಸೈಕಲ್ ಪಾರ್ಟ್ಸ್ ಥರ ಅಳತೆಗೆ ಸಿಗುತ್ತವೆ. ಸಿಗದೇ ಇರುವುದು ಸಾಕೆಟ್. ಅಂದರೆ ಕತ್ತರಿಸಿ ಉಳಿದ ಮೊಂಡುಗಾಲು ಕೂರುವ ಬಟ್ಟಲು. ಕಾಲಿನ ತದ್ರೂಪು ಅಚ್ಚು ತೆಗೆದರೆ ಆಯ್ತು, ಅಲ್ವಾ? ಇಲ್ಲ. ಮಾಂಸ ಮೆತ್ತಗೆ, ಮೂಳೆ ಗಟ್ಟಿ. ನಿಂತ ಕೂಡಲೇ ಮಾಂಸ ಕುಗ್ಗಿ, ಭಾರವೆಲ್ಲ ಮೂಳೆಯ ಏಣಿನ ಮೇಲೆ ಬೀಳುತ್ತದೆ. ಚರ್ಮ ಹುಣ್ಣಾಗುತ್ತದೆ.

ಅವಳು ನನ್ನ ಮಂಡಿಚಿಪ್ಪಿನ ಕೆಳಗೆ ಹೆಬ್ಬೆರಳಿಟ್ಟು ಒತ್ತಿದಳು. 'ನೋವಾಯ್ತಾ ಚಿಕ್ಕಪ್ಪ?' ಇಲ್ಲ. ಅಲ್ಲಿ ದಪ್ಪ ಸ್ನಾಯುರಜ್ಜು ಇದೆ, ತಾಳಿಕೊಳ್ಳುತ್ತದೆ. ಆಮೇಲೆ ಮಂಡಿಯ ಹೊರಬದಿಯ ಸಣ್ಣ ಗುಬುಟಿನ ಹಿಂದೆ ಒತ್ತಿದಳು. ಪಾದದ ತನಕ ಜುಂ ಅಂತು! ಅಲ್ಲಿ ನರ ಹಾದುಹೋಗುತ್ತದೆ.

ತಾಳುವ ಕಡೆ ಬಟ್ಟಲು ಒತ್ತಬೇಕು, ತಾಳದ ಕಡೆ ಬಿಡಬೇಕು. ಕೊಡ ಹೊರುವಾಗ ತಲೆ ಮೇಲೆ ಸಿಂಬಿ ಇಡ್ತಾರಲ್ಲ, ಹಾಗೆ. ಭಾರ ಅಷ್ಟೇ, ಅದು ಕೂರುವ ಜಾಗ ಜಾಸ್ತಿ. ಇಲ್ಲವೇ ತೋಟದ ಕೆಲಸದವರ ಹಾಳೆ ಟೊಪ್ಪಿ ನೆನಪಿಸಿಕೊಳ್ಳಿ. ಸುತ್ತ ಬಿಗಿ, ನೆತ್ತಿಗೆ ಸಡಿಲ. ಮಂಡಿ ಕೆಳಗಿನ ಕಾಲಿಗೆ ಈ ಲೆಕ್ಕವನ್ನು ಕೂರಿಸಿದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, 1950ರ ದಶಕದ ಕೊನೆಗೆ.

ಮಾಡುವ ರೀತಿ ಇನ್ನೂ ಚಂದ. ಕಾಲಿಗೆ ತೆಳು ಬಟ್ಟೆಯ ಚೀಲ ಹಾಕಿ, ಮೂಳೆ ಇರುವಲ್ಲಿ ಒದ್ದೆಯಾದರೆ ಬಣ್ಣ ಬಿಡುವ ಕಾಪಿಯಿಂಗ್ ಪೆನ್ಸಿಲಿನಲ್ಲಿ ಗುರುತು ಮಾಡುತ್ತಾರೆ. ಮೇಲೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿದರೆ ಗುರುತು ಅದಕ್ಕೆ ಇಳಿಯುತ್ತದೆ. ಗಟ್ಟಿಯಾದ ಆ ಟೊಳ್ಳಿನೊಳಗೆ ಪ್ಲಾಸ್ಟರ್ ಹುಯ್ದರೆ ಕಾಲಿನ ಗೊಂಬೆ ಸಿದ್ಧ, ಗುರುತಿನ ಸಮೇತ. ಈಗ ಅರ ಹಿಡಿದು, ಬಟ್ಟಲು ಒತ್ತಬೇಕಾದಲ್ಲಿ ಕೆಲವು ಮಿಲಿಮೀಟರ್ ತರಿಯಬೇಕು. ಮೂಳೆಯ ಕಡೆ ಪ್ಲಾಸ್ಟರ್ ಮೆತ್ತಬೇಕು. 'ಸಾಗರದಲ್ಲಿ ಗಂಧ ಕೆತ್ತುವ ಗುಡಿಗಾರರ ಹತ್ತಿರ ಒಂದು ತಿಂಗಳು ಕೂತು ಬಾ' ಅಂದೆ. ನಕ್ಕಳು. ಕೊನೆಗೆ ಕಾದು ಮೆತ್ತಗಾದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಹಾಳೆ ಹೊದಿಸಿ ಒಳಗಿನ ಗಾಳಿ ಎಳೆದರೆ ಅದು ಗೊಂಬೆಗೆ ಕಚ್ಚಿ ಕೂರುತ್ತದೆ. ಅಡಿಕೆ ಹಾಳೆ ತಟ್ಟೆ ಒತ್ತುವ ಮಷೀನ್ ನೋಡಿದವರಿಗೆ ಇದೇನೂ ವಿಚಿತ್ರ ಅನ್ನಿಸದು.

ಇಷ್ಟು ಹೇಳುವಷ್ಟರಲ್ಲಿ ಜಗಲಿಯಲ್ಲಿ ಯಾರೋ ಋಗ್ವೇದದ ವಿಶ್ಪಲೆಯನ್ನು ತಂದರು. ಯುದ್ಧದಲ್ಲಿ ಕಾಲು ಹೋದವಳಿಗೆ ಅಶ್ವಿನಿಗಳು ಲೋಹದ ಕಾಲು ಕೊಟ್ಟರಂತೆ, ನಮ್ಮಲ್ಲಿ ಎಲ್ಲ ಇತ್ತಂತೆ. ಕಥೆ ಚೆನ್ನಾಗಿದೆ. ಆದರೆ ಆ ಕಾಲಿನ ಬಟ್ಟಲು ಹೇಗಿತ್ತು ಅಂತ ಯಾವ ಋಕ್ಕೂ ಹೇಳಲ್ಲವಲ್ಲ! ಹೆಮ್ಮೆ ಪಡುವುದಿದ್ದರೆ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾಕ್ಟರ್ ಪಿ.ಕೆ. ಸೇಥಿ ಇದ್ದಾರೆ. ಬರಿಗಾಲಲ್ಲಿ ಕೆಸರು ಗದ್ದೆಗೆ ಇಳಿಯಬಹುದಾದ, ಕುಕ್ಕರುಗಾಲಲ್ಲಿ ಕೂರಬಹುದಾದ ರಬ್ಬರ್ ಪಾದ ಅವರದು. ಸೇಥಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆದರೂ ಅದು ಪಾದದ ಮಾತು. ಬಟ್ಟಲನ್ನು ಒಬ್ಬೊಬ್ಬರಿಗೂ ಬೇರೆಯೇ ಮಾಡಬೇಕು.

ಅದೂ ದಿನವಿಡೀ ಒಂದೇ ಥರ ಕೂರಲ್ಲ. ನಡೆದು ನಡೆದು ಒತ್ತಡಕ್ಕೆ ಒಳಗಿನ ನೀರಿನಂಶ ಇಳಿದು, ಸಂಜೆ ಹೊತ್ತಿಗೆ ಮೊಂಡುಗಾಲು ಸ್ವಲ್ಪ ಸಣ್ಣಗಾಗುತ್ತದೆ. ಬೆಳಗ್ಗೆ ಸರಿಯಿದ್ದ ಬಟ್ಟಲು ಲೊಡಲೊಡ ಅನ್ನುತ್ತದೆ. 'ಅದಕ್ಕೇನು ಮಾಡ್ತೀರಿ ಮತ್ತೆ?' ಅಂದೆ.

'ಇನ್ನೊಂದು ಕಾಲುಚೀಲ ಹಾಕ್ಕೊಳ್ಳಿ ಅಂತೀವಿ ಚಿಕ್ಕಪ್ಪ' ಅಂದವಳೇ ಮತ್ತೆ ಅಡಿಕೆ ಸುಲಿಯಲು ಕೂತಳು.