ಚೆಂಡು ಏರುತ್ತಿತ್ತೋ, ಇಳಿಯುತ್ತಿತ್ತೋ?

ಅಮೆರಿಕದಲ್ಲಿ ರಾತ್ರಿ ನಡೆಯುವ ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗ್‌ನ ಪಂದ್ಯ ಮುಂಬೈಯ ನಮಗೆ ಸಿಗುವುದು ಬೆಳಗಿನ ಕಾಫಿ ಹೊತ್ತಿಗೆ. ಕೊನೆಯ ನಿಮಿಷದಲ್ಲಿ ರೆಫ್ರಿ ಗೋಲ್‌ಟೆಂಡಿಂಗ್ (ಇಳಿಯುವ ಚೆಂಡನ್ನು ಮುಟ್ಟಿದ ತಪ್ಪು) ಅಂತ ಸೀಟಿ ಊದಿದರೆ ಸಾಕು, ಮಾಟುಂಗದ ಗೆಳೆಯರಿಂದ ಒಂದೇ ಮಾತು: 'ದುಡ್ಡು ತಿಂದಿದ್ದಾನೆ.' 2007ರಲ್ಲಿ ಎನ್‌ಬಿಎ ರೆಫ್ರಿಯೊಬ್ಬ ಬೆಟ್ಟಿಂಗ್ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡದ್ದು ನಿಜ. ಆದರೆ ಪ್ರತಿ ಸೀಟಿಯ ಹಿಂದೆಯೂ ದುಡ್ಡು ಹುಡುಕುವುದು ನನಗೆ ಬೇಸರ ತರಿಸುತ್ತದೆ. ಯಾಕೆಂದರೆ ಇಲ್ಲಿ ನಿಜವಾದ ತೊಡಕು ಇರುವುದು ಗುರುತ್ವಾಕರ್ಷಣೆಯಲ್ಲಿ.

ನಿಯಮ ಕೇಳಲು ಸುಲಭ. ಶಾಟ್ ಹೊಡೆದ ಚೆಂಡು ಮೇಲೇರುವಾಗ ಅದನ್ನು ತಡೆಯಬಹುದು, ಅದು ಬ್ಲಾಕ್. ಅದೇ ಚೆಂಡು ರಿಂಗ್‌ಗಿಂತ ಮೇಲಿದ್ದು, ಬಾಸ್ಕೆಟ್ ಕಡೆಗೆ ಇಳಿಯುತ್ತಿರುವಾಗ ಮುಟ್ಟಿದರೆ ಗೋಲ್‌ಟೆಂಡಿಂಗ್. ಚೆಂಡು ರಿಂಗ್ ಮೇಲೆ ಅಥವಾ ಬಾಸ್ಕೆಟ್ ಒಳಗೆ ಇರುವಾಗ ಕೈ ಹಾಕಿದರೆ ಬಾಸ್ಕೆಟ್ ಇಂಟರ್‌ಫಿಯರೆನ್ಸ್. ತಡೆಯುವವರು ತಪ್ಪು ಮಾಡಿದರೆ ಎದುರಾಳಿಗೆ ಪಾಯಿಂಟ್. ಹೊಡೆಯುವವರೇ ಮಾಡಿದರೆ ಆ ಬುಟ್ಟಿ ಲೆಕ್ಕಕ್ಕಿಲ್ಲ.

ಈಗ ಆ 'ಏರುವಾಗ' ಮತ್ತು 'ಇಳಿಯುವಾಗ' ನೋಡಿ. ಎರಡರ ನಡುವೆ ಒಂದು ತುದಿ ಇದೆ. ಅಲ್ಲಿ ಚೆಂಡಿನ ಮೇಲ್ಮುಖ ವೇಗ ಸೊನ್ನೆ. ಜೋಕಾಲಿ ಅತಿ ಎತ್ತರಕ್ಕೆ ಹೋಗಿ ಒಂದು ಕ್ಷಣ ನಿಂತಂತೆ ಕಾಣುತ್ತದಲ್ವಾ, ಹಾಗೇ. ಲೆಕ್ಕ ಹಾಕೋಣ. ತುದಿಯಿಂದ ಬೀಳಲು ಶುರುವಾದ ಚೆಂಡು ಮೊದಲ 0.1 ಸೆಕೆಂಡಿನಲ್ಲಿ ಇಳಿಯುವುದು ಸುಮಾರು 5 ಸೆಂಟಿಮೀಟರ್ ಮಾತ್ರ. ತುದಿ ಮುಟ್ಟುವ ಮುಂಚಿನ 0.1 ಸೆಕೆಂಡಿನಲ್ಲಿ ಏರಿದ್ದೂ ಅಷ್ಟೇ. ಚೆಂಡಿನ ಅಗಲ ಸುಮಾರು 24 ಸೆಂಟಿಮೀಟರ್. ಅಂದರೆ 0.2 ಸೆಕೆಂಡಿನಷ್ಟು ಹೊತ್ತು ಚೆಂಡು ತನ್ನ ಅಗಲದ ಕಾಲು ಭಾಗದಷ್ಟೂ ಮೇಲೆ ಕೆಳಗೆ ಆಗುವುದಿಲ್ಲ. ಅದೇ ಹೊತ್ತಿನಲ್ಲಿ, ಸೆಕೆಂಡಿಗೆ 2 ಮೀಟರ್‌ನಂತೆ ಓಡಿದರೂ, ಅದು 40 ಸೆಂಟಿಮೀಟರ್ ಮುಂದಕ್ಕೆ ಹೋಗಿರುತ್ತದೆ. ಕಣ್ಣಿಗೆ ಬೀಳುವುದು ಈ ಮುಂದಿನ ಓಟ. ತೀರ್ಪು ನಿಂತಿರುವುದು ಕಾಣದ ಆ ಏರಿಳಿತದ ಮೇಲೆ! ಜಿಗಿದ ಆಟಗಾರನ ಕೈ ಚೆಂಡಿಗೆ ಸಿಗುವುದೂ ಬಹಳ ಸಲ ಅದೇ ಗಳಿಗೆಯಲ್ಲಿ.

ರಿಪ್ಲೇ ಇದೆಯಲ್ಲ ಅನ್ನುತ್ತೀರಿ. ಸೆಕೆಂಡಿಗೆ 60 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ, ತುದಿಯ ಚಿತ್ರಕ್ಕೂ ಅದರ ಮುಂದಿನದಕ್ಕೂ ನಡುವೆ ಚೆಂಡು ಇಳಿಯುವುದು ಒಂದೂವರೆ ಮಿಲಿಮೀಟರ್‌ಗೂ ಕಡಿಮೆ.

ಇದರ ಜೊತೆಗೆ ಕೋನದ ಕಾಟ. ರಿಂಗ್ ಇರುವುದು 3.05 ಮೀಟರ್ ಎತ್ತರದಲ್ಲಿ, ರೆಫ್ರಿ ನೋಡುವುದು ಕೆಳಗಿನಿಂದ. ರಿಂಗ್‌ಗಿಂತ ಈಚೆಗೇ ಇರುವ ಚೆಂಡು ಅವರ ಕಣ್ಣಿಗೆ ರಿಂಗ್ ಮೇಲೇ ಇದ್ದಂತೆ ಕಾಣಬಹುದು. 2015ರ ಮಾರ್ಚ್‌ನಲ್ಲಿ ಯುಸಿಎಲ್‌ಎ ಮತ್ತು ಎಸ್‌ಎಂಯು ಕಾಲೇಜು ತಂಡಗಳ ಪಂದ್ಯದಲ್ಲಿ ಕೊನೆಯ ಸೆಕೆಂಡುಗಳ ಗೋಲ್‌ಟೆಂಡಿಂಗ್ ತೀರ್ಪೇ ಫಲಿತಾಂಶ ತಿರುಗಿಸಿತು. ಯುಸಿಎಲ್‌ಎ 60-59ರಿಂದ ಗೆದ್ದಿತು. ಆ ಚೆಂಡು ಬಾಸ್ಕೆಟ್‌ಗೆ ಬೀಳುವ ಸಾಧ್ಯತೆಯಾದರೂ ಇತ್ತಾ ಅನ್ನುವುದೇ ಜಗಳ.

ಮುಂಬೈಯವರಿಗೆ ಇನ್ನೊಂದು ಗೊಂದಲವಿದೆ. ನಾಗಪಾಡಾದ ಅಂಗಳಗಳಲ್ಲಿ ಬೆಳೆದ ಹುಡುಗರು ಕಲಿತದ್ದು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ನಿಯಮ. ಅದರಲ್ಲಿ ಶಾಟ್ ಹೊಡೆದ ಚೆಂಡು ಒಮ್ಮೆ ರಿಂಗ್‌ಗೆ ತಾಗಿ ಇನ್ನೂ ಮೇಲೇ ಕುಣಿಯುತ್ತಿದ್ದರೆ ಅದನ್ನು ಬಡಿದು ಹಾಕಬಹುದು. ಎನ್‌ಬಿಎಯಲ್ಲಿ ಹಾಗಲ್ಲ. ರಿಂಗ್‌ನಿಂದ ಮೇಲಕ್ಕೆ ಒಂದು ಕಾಣದ ಸಿಲಿಂಡರ್ ಇದೆ ಎಂದುಕೊಳ್ಳಬೇಕು. ಚೆಂಡು ಅದರೊಳಗೆ ಇರುವಷ್ಟು ಹೊತ್ತು ಮುಟ್ಟುವಂತಿಲ್ಲ. 2019ರ ಅಕ್ಟೋಬರ್‌ನಲ್ಲಿ ವರ್ಳಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ಆಡಿದರಲ್ಲ, ಅದು ಭಾರತದ ಮೊದಲ ಎನ್‌ಬಿಎ ಪಂದ್ಯ. ನಾಗಪಾಡಾದಿಂದ ಅಲ್ಲಿಗೆ ಕೆಲವೇ ಕಿಲೋಮೀಟರ್. ಇಲ್ಲಿ ಶಭಾಷ್ ಅನ್ನಿಸಿಕೊಳ್ಳುವ ಅದೇ ಹೊಡೆತ ಅಲ್ಲಿ ತಪ್ಪು.

ಈ ಚಿಂತೆ ಆಟದಷ್ಟೇ ಹಳೆಯದು. ಜೇಮ್ಸ್ ನೈಸ್ಮಿತ್ 1891ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಆಟ ಶುರು ಮಾಡಿದಾಗ ಬರೆದದ್ದು 13 ನಿಯಮ. ಎಂಟನೆಯದು ಹೇಳುತ್ತದೆ: ಚೆಂಡು ಬುಟ್ಟಿಯ ಅಂಚಿನಲ್ಲಿದ್ದಾಗ ಎದುರಾಳಿ ಬುಟ್ಟಿ ಅಲ್ಲಾಡಿಸಿದರೆ ಅದು ಗೋಲ್. ಗ್ಯಾಲರಿಯಲ್ಲಿ ಕೂತ ಪ್ರೇಕ್ಷಕರೂ ಕೈ ಚಾಚುತ್ತಿದ್ದರಂತೆ. ಬುಟ್ಟಿಯ ಹಿಂದೆ ಬೋರ್ಡ್ ಬಂದದ್ದು ಅವರನ್ನು ತಡೆಯಲು. ಮುಂದೆ ಜಾರ್ಜ್ ಮೈಕನ್, ಬಾಬ್ ಕರ್ಲೆಂಡ್ ಅವರಂಥ ಆಜಾನುಬಾಹುಗಳು ಇಳಿಯುವ ಚೆಂಡನ್ನು ಸುಮ್ನೆ ಬಡಿದು ಹಾಕತೊಡಗಿದರು. ಆಗ, 1944ರಲ್ಲಿ, ಅಮೆರಿಕದ ಕಾಲೇಜು ಆಟದಲ್ಲಿ ಗೋಲ್‌ಟೆಂಡಿಂಗ್ ನಿಷೇಧವಾಯಿತು.

ನೈಸ್ಮಿತ್‌ರ ಆ ಎಂಟನೆಯ ನಿಯಮದ ಪ್ರಕಾರ ಚೆಂಡು ಬುಟ್ಟಿಯಲ್ಲೇ ಉಳಿಯಬೇಕಿತ್ತು. ತಳ ಹೋಗಿ ನೆಟ್ ಬಂದ ಮೇಲೆ ದಾಟಿ ಹೋದರೆ ಸಾಕು. 2019ರ ಡಿಸೆಂಬರ್ 3ರಂದು ಸ್ಪರ್ಸ್ ವಿರುದ್ಧ ಹ್ಯೂಸ್ಟನ್ ರಾಕೆಟ್ಸ್‌ನ ಜೇಮ್ಸ್ ಹಾರ್ಡನ್ ಡಂಕ್ ಮಾಡಿದ, ಅಂದರೆ ಜಿಗಿದು ಚೆಂಡನ್ನು ಮೇಲಿನಿಂದ ರಿಂಗ್ ಒಳಗೆ ತುರುಕಿದ. ಚೆಂಡು ರಿಂಗ್ ದಾಟಿ ಕೆಳಗೆ ಹೋಯಿತು. ಜೋರಿಗೆ ನೆಟ್ ಸುತ್ತಿಕೊಂಡು ಅದನ್ನು ಮತ್ತೆ ರಿಂಗ್ ಮೇಲಕ್ಕೆ ಚಿಮ್ಮಿಸಿತು. ರೆಫ್ರಿಗಳು ಕಂಡದ್ದು ಮೇಲೆ ಬಂದ ಚೆಂಡನ್ನು. ಬುಟ್ಟಿ ಆಗಲಿಲ್ಲ ಅಂದರು, ಬಾಸ್ಕೆಟ್ ಇಂಟರ್‌ಫಿಯರೆನ್ಸ್ ಅಂದರು. ತೀರ್ಪನ್ನು ಪ್ರಶ್ನಿಸಲು ಕೋಚ್‌ಗೆ ಇದ್ದ 30 ಸೆಕೆಂಡು ವಾದದಲ್ಲೇ ಕಳೆಯಿತು. ಎರಡು ಓವರ್‌ಟೈಮ್ ಆಡಿ ರಾಕೆಟ್ಸ್ 135-133ರಿಂದ ಸೋತಿತು. ಎನ್‌ಬಿಎ ಆ ಮೂವರು ರೆಫ್ರಿಗಳ ಮೇಲೆ ಕ್ರಮ ತೆಗೆದುಕೊಂಡಿತು. ಆದರೆ ರಾಕೆಟ್ಸ್ ಸಲ್ಲಿಸಿದ ದೂರನ್ನು ತಳ್ಳಿಹಾಕಿತು: ಪಂದ್ಯದಲ್ಲಿ ಇನ್ನೂ ಸಾಕಷ್ಟು ಸಮಯ ಉಳಿದಿತ್ತು ಅನ್ನುವುದು ಅದರ ಉತ್ತರ.