ಮ್ಯಾಗ್ನೆಟ್ ಇಲ್ಲದ ಮೋಟಾರ್: ಆ ½ ಎಲ್ಲಿಂದ ಬಂತು?

ನಮ್ಮ ಚಿಕ್ಕಪ್ಪನಿಗೆ ಮುಳಬಾಗಿಲಿನಲ್ಲಿ ವೈಂಡಿಂಗ್ ಅಂಗಡಿ ಇದೆ. ಕೋಲಾರ ಜಿಲ್ಲೆಯಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟುವುದು ಮಾಮೂಲು. ಸುಟ್ಟುಹೋದ ಪಂಪ್ ಮೋಟಾರ್ ಅಂಗಡಿಗೆ ಬರುತ್ತಲೇ ಇರುತ್ತವೆ. ಅವನ್ನು ನೋಡುತ್ತಲೇ ಬೆಳೆದವನು ನಾನು. ಆದರೂ ಮ್ಯಾಗ್ನೆಟ್ ಇಲ್ಲದೆ ತಿರುಗುವ ಸ್ವಿಚ್ಡ್ ರಿಲಕ್ಟನ್ಸ್ ಮೋಟಾರ್‌ನ ಪಾಠ, ಅದರಲ್ಲೂ ಅದರ ಟಾರ್ಕ್ (ತಿರುಗಿಸುವ ಬಲ) ಸೂತ್ರದಲ್ಲಿನ ½, ಒಂದು ವಾರ ತಲೆಗೆ ಹೋಗಲಿಲ್ಲ. ನಿನ್ನೆ ರಾತ್ರಿ ಲೆಕ್ಕ ಕೂಡಿಬಂತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಸ್ಟೇಟರ್ ಅಂದರೆ ಮೋಟಾರ್‌ನ ನಿಂತ ಭಾಗ, ರೋಟರ್ ಅಂದರೆ ತಿರುಗುವ ಭಾಗ, ಇಂಡಕ್ಟನ್ಸ್ ಅಂದರೆ ಕರೆಂಟ್ ಹರಿದಾಗ ಕಾಯಿಲ್ ಎಷ್ಟು ಕಾಂತಕ್ಷೇತ್ರ ಕಟ್ಟುತ್ತದೆ ಎಂಬ ಅಳತೆ.

ಈಗ ಇದನ್ನು ಯಾಕೆ ಓದಬೇಕು

ಇವತ್ತಿನ ಬಹುಪಾಲು ಎಲೆಕ್ಟ್ರಿಕ್ ಸ್ಕೂಟರ್, ಕಾರುಗಳ ಮೋಟಾರ್‌ನಲ್ಲಿ ನಿಯೋಡಿಮಿಯಂ-ಕಬ್ಬಿಣ-ಬೋರಾನ್ ಮ್ಯಾಗ್ನೆಟ್ ಇರುತ್ತದೆ. ಬಿಸಿಯಾದಾಗ ಅದರ ಶಕ್ತಿ ಕುಂದದಿರಲಿ ಎಂದು ಡಿಸ್ಪ್ರೋಸಿಯಂ, ಟರ್ಬಿಯಂ ಸ್ವಲ್ಪ ಬೆರೆಸುತ್ತಾರೆ. 2025ರ ಏಪ್ರಿಲ್‌ನಲ್ಲಿ ಚೀನಾ ಇವೆರಡೂ ಸೇರಿ 7 ವಿರಳ ಭೂಲೋಹಗಳ ಮತ್ತು ಅವುಗಳಿರುವ ಮ್ಯಾಗ್ನೆಟ್‌ಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ನಮ್ಮ ದೇಶದ ವಾಹನ ಕಾರ್ಖಾನೆಗಳಿಗೂ ಅದರ ಬಿಸಿ ತಟ್ಟಿತು.

ಹಾಗಾದರೆ ಬೇರೆ ದಾರಿ? ಒಂದು ನಮ್ಮ ಬೋರ್‌ವೆಲ್ ಮೋಟಾರ್‌ದೇ ದಾರಿ, ಇಂಡಕ್ಷನ್. 2012ರ ಟೆಸ್ಲಾ ಮಾಡೆಲ್ ಎಸ್ ಓಡಿದ್ದೂ ಇದರಿಂದಲೇ. ಅದರ ರೋಟರ್‌ನಲ್ಲೂ ಕರೆಂಟ್ ಹರಿಯುವುದರಿಂದ ಅಲ್ಲಿ ಬಿಸಿ ಜಾಸ್ತಿ. ಇನ್ನೊಂದು, ಮ್ಯಾಗ್ನೆಟ್ ಬದಲು ರೋಟರ್‌ಗೇ ಕಾಯಿಲ್ ಸುತ್ತಿ ಕರೆಂಟ್ ಕೊಡುವುದು. ರೆನೋ ಝೋಯಿ, ಬಿಎಂಡಬ್ಲ್ಯೂ ಐಎಕ್ಸ್3 ಕಾರುಗಳಲ್ಲಿ ಹೀಗಿದೆ. ಅಗ್ಗದ ಫೆರೈಟ್ ಮ್ಯಾಗ್ನೆಟ್ ಹಾಕುವವರೂ ಇದ್ದಾರೆ. ಆದರೆ ಅದರ ಬಲ ಸುಮಾರು 0.4 ಟೆಸ್ಲಾ (ಇದು ಕಾಂತಕ್ಷೇತ್ರದ ಅಳತೆ, ಕಾರಿನ ಹೆಸರಲ್ಲ), ನಿಯೋಡಿಮಿಯಂನದು 1.2ಕ್ಕೂ ಮೇಲೆ. ವಿಚಿತ್ರ ಅಂದರೆ ಫೆರೈಟ್‌ಗೆ ಬಿಸಿಗಿಂತ ಚಳಿಯಲ್ಲಿ ಕಾಂತತ್ವ ಕಳೆದುಕೊಳ್ಳುವ ಅಪಾಯ ಹೆಚ್ಚು. ಇವೆಲ್ಲ ಓದಿದರೆ ಅರ್ಥವಾಗುತ್ತವೆ. ನಾನು ಸಿಕ್ಕಿಕೊಂಡದ್ದು ನಾಲ್ಕನೆಯದರಲ್ಲಿ.

ಬರೀ ಕಬ್ಬಿಣ ಹೇಗೆ ತಿರುಗುತ್ತದೆ

ಸ್ವಿಚ್ಡ್ ರಿಲಕ್ಟನ್ಸ್ ಮೋಟಾರ್‌ನ ರೋಟರ್‌ನಲ್ಲಿ ಮ್ಯಾಗ್ನೆಟ್ ಇಲ್ಲ, ತಾಮ್ರ ಇಲ್ಲ. ತೆಳು ಉಕ್ಕಿನ ಸ್ಟಾಂಪಿಂಗ್ ಜೋಡಿಸಿದ ಹಲ್ಲಿನ ಚಕ್ರ, ಅಷ್ಟೇ. ನಾನು ತೆಗೆದುಕೊಂಡ ಉದಾಹರಣೆ 6/4. ಅಂದರೆ ಸ್ಟೇಟರ್‌ಗೆ 6 ಹಲ್ಲು, ರೋಟರ್‌ಗೆ 4. ಎದುರುಬದುರಿನ ಎರಡು ಸ್ಟೇಟರ್ ಹಲ್ಲು ಸೇರಿ ಒಂದು ಫೇಸ್, ಒಟ್ಟು 3 ಫೇಸ್. ಒಂದು ಫೇಸ್‌ಗೆ ಕರೆಂಟ್ ಕೊಟ್ಟರೆ ಹತ್ತಿರದ ರೋಟರ್ ಹಲ್ಲು ಎಳೆದುಕೊಂಡು ಬಂದು ಅದರ ಎದುರು ನಿಲ್ಲುತ್ತದೆ. ನಿಲ್ಲುವ ಹೊತ್ತಿಗೆ ಮುಂದಿನ ಫೇಸ್ ಕರೆಯುತ್ತದೆ.

ನನ್ನ ತಪ್ಪು ಇಲ್ಲೇ ಶುರುವಾಯಿತು. ಹಲ್ಲಿಗೆ ಹಲ್ಲು ಎದುರಾದಾಗ ಇಂಡಕ್ಟನ್ಸ್ ಅತಿ ಹೆಚ್ಚು, ಹಾಗಾಗಿ ಟಾರ್ಕ್ ಕೂಡ ಅಲ್ಲೇ ಅತಿ ಹೆಚ್ಚು ಅಂದುಕೊಂಡಿದ್ದೆ. ನಿಜ ಅಂದರೆ ಅಲ್ಲಿ ಟಾರ್ಕ್ ಸೊನ್ನೆ. ನಂದಿ ಬೆಟ್ಟದ ನೆತ್ತಿಯಲ್ಲಿ ಎತ್ತರ ಇದೆ. ಆದರೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿದ ಸೈಕಲ್ ಉರುಳುವುದಿಲ್ಲ. ರಸ್ತೆಯಲ್ಲಿ ಉರುಳುತ್ತದೆ, ಯಾಕೆಂದರೆ ಅಲ್ಲಿ ಇಳಿಜಾರಿದೆ. ಟಾರ್ಕ್ ಕೂಡ ಇಂಡಕ್ಟನ್ಸ್‌ನ ಎತ್ತರ ನೋಡುವುದಿಲ್ಲ, ಇಳಿಜಾರು ನೋಡುತ್ತದೆ:

ಟಾರ್ಕ್ = ½ × ಕರೆಂಟ್ × ಕರೆಂಟ್ × (ಇಂಡಕ್ಟನ್ಸ್ ಏರಿಕೆ ÷ ತಿರುಗಿದ ಕೋನ)

ಕರೆಂಟ್ ಎರಡು ಸಲ ಗುಣಿಸುವುದರಿಂದ ಮೈನಸ್ ಇದ್ದರೂ ಪ್ಲಸ್ ಆಗುತ್ತದೆ. ಅದಕ್ಕೇ ಕರೆಂಟ್ ಯಾವ ಕಡೆ ಹರಿದರೂ ಎಳೆತ ಒಂದೇ.

ಆ ½ರ ಲೆಕ್ಕ

ಇಂಡಕ್ಟನ್ಸ್ 2 ಮಿಲಿಹೆನ್ರಿಯಿಂದ 12ಕ್ಕೆ ಏರಲಿ, 30 ಡಿಗ್ರಿ ತಿರುಗುವಷ್ಟರಲ್ಲಿ. ಕರೆಂಟ್ 20 ಆಂಪಿಯರ್, ಬದಲಾಗದೆ ಇರಲಿ. ಡಿಗ್ರಿಯನ್ನು ರೇಡಿಯನ್‌ಗೆ ತಿರುಗಿಸಲೇಬೇಕು: 30 ಡಿಗ್ರಿ ಅಂದರೆ 0.5236 ರೇಡಿಯನ್. ನಾನು ಮೊದಲು 30 ಎಂದೇ ಹಾಕಿದ್ದೆ, 0.067 ನ್ಯೂಟನ್-ಮೀಟರ್ ಬಂತು. ಆಟಿಕೆ ಕಾರಿಗೂ ಸಾಲದು. ಸರಿಯಾಗಿ ಹಾಕಿದರೆ 0.010 ÷ 0.5236 = 0.0191. ½ × 400 × 0.0191 = 3.82 ನ್ಯೂಟನ್-ಮೀಟರ್.

ಈಗ ಶಕ್ತಿಯ ಕಡೆಯಿಂದ ನೋಡೋಣ. ತಂತಿಯ ಬಿಸಿ ಬಿಟ್ಟು, ಈ 30 ಡಿಗ್ರಿಯಲ್ಲಿ ಬ್ಯಾಟರಿ ಕೊಟ್ಟದ್ದು ಕರೆಂಟ್‌ನ ವರ್ಗ ಗುಣಿಸು ಇಂಡಕ್ಟನ್ಸ್ ಏರಿಕೆ: 400 × 0.010 = 4 ಜೂಲ್. ಶಾಫ್ಟ್‌ಗೆ ಸಿಕ್ಕಿದ್ದು 3.82 × 0.5236 = 2 ಜೂಲ್. ಉಳಿದ 2 ಜೂಲ್ ಎಲ್ಲಿ? ನಷ್ಟವಾಗಿರಬೇಕು ಅಂದುಕೊಂಡು ಎರಡು ದಿನ ಹುಡುಕಿದೆ.

ಅದು ಕಾಯಿಲ್‌ನಲ್ಲೇ ಕೂತಿದೆ. ಶುರುವಿನಲ್ಲಿ ಕಾಯಿಲ್ ಹಿಡಿದಿಟ್ಟ ಶಕ್ತಿ ½ × 0.002 × 400 = 0.4 ಜೂಲ್. ಕೊನೆಯಲ್ಲಿ ½ × 0.012 × 400 = 2.4 ಜೂಲ್. ಏರಿಕೆ ಸರಿಯಾಗಿ 2 ಜೂಲ್. ಕೊಟ್ಟದ್ದರಲ್ಲಿ ಅರ್ಧ ಶಾಫ್ಟ್‌ಗೆ, ಅರ್ಧ ಕಾಂತಕ್ಷೇತ್ರಕ್ಕೆ. ಸೂತ್ರದ ½ ಇದೇ. ಇದು ಕಂಡ ಮೇಲೆ ಸೂತ್ರ ಬಾಯಿಪಾಠ ಮಾಡುವುದೇ ಬೇಕಾಗಲಿಲ್ಲ.

ಇದರಿಂದ ಫೇಸ್‌ಗಳಿಗೆ ಕರೆಂಟ್ ಕೊಟ್ಟು ನಿಲ್ಲಿಸುವ ಕಂಟ್ರೋಲರ್ ಕೂಡ ಅರ್ಥವಾಯಿತು. ಆ 2.4 ಜೂಲ್ ಬ್ಯಾಟರಿಗೆ ವಾಪಸ್ ಹೋಗಬೇಕು, ಇಲ್ಲದಿದ್ದರೆ ಪ್ರತಿ ಎಳೆತಕ್ಕೂ ಅಷ್ಟು ಪೋಲು. ಅದಕ್ಕೇ ಒಂದೊಂದು ಫೇಸ್‌ಗೂ 2 ಸ್ವಿಚ್, 2 ಡಯೋಡ್. ಸ್ವಿಚ್‌ಗಳನ್ನು ಆಫ್ ಮಾಡಿದಾಗ ಡಯೋಡ್ ದಾರಿಯಲ್ಲಿ ಶಕ್ತಿ ಬ್ಯಾಟರಿಗೆ ಮರಳುತ್ತದೆ. ಹೀಗೆ ಬಂದು ಹೋಗುವ ಶಕ್ತಿಯ ಭಾರವನ್ನು ಸ್ವಿಚ್‌ಗಳು ಹೊರಬೇಕು, ಹಾಗಾಗಿ ಅವು ದೊಡ್ಡವಿರಬೇಕು. ಮ್ಯಾಗ್ನೆಟ್‌ನಲ್ಲಿ ಉಳಿದ ದುಡ್ಡಿನ ಒಂದು ಪಾಲು ಕಂಟ್ರೋಲರ್‌ಗೆ ಹೋಗುತ್ತದೆ.

ಆಫ್ ಮಾಡುವ ಸಮಯವೂ ಮುಖ್ಯ. ಹಲ್ಲು ಎದುರಾಗಿ ದಾಟಿದ ಮೇಲೆ ಇಂಡಕ್ಟನ್ಸ್ ಇಳಿಯುತ್ತದೆ, ಟಾರ್ಕ್ ಹಿಮ್ಮುಖವಾಗುತ್ತದೆ. ಆಗಲೂ ಕರೆಂಟ್ ಉಳಿದಿದ್ದರೆ ಅದು ಬ್ರೇಕ್. ಇಂಡಕ್ಟನ್ಸ್ ಜಾಸ್ತಿ ಇರುವ ಕಡೆ ಕರೆಂಟ್ ಬೇಗ ಇಳಿಯುವುದಿಲ್ಲ, ಅಲ್ವಾ? ಆದ್ದರಿಂದ ಎದುರಾಗುವ ಮೊದಲೇ ಆಫ್ ಮಾಡಬೇಕು. ವೇಗ ಹೆಚ್ಚಿದಷ್ಟೂ ಇನ್ನೂ ಮೊದಲು. ಬ್ರೇಕ್ ಬೇಕೆಂದಾಗ ಮಾತ್ರ ಬೇಕಂತಲೇ ಇಳಿಕೆಯ ಭಾಗದಲ್ಲಿ ಕರೆಂಟ್ ಕೊಡುತ್ತಾರೆ, ಆಗ ಬ್ಯಾಟರಿ ಚಾರ್ಜ್ ಆಗುತ್ತದೆ.

ನನ್ನ ಇಷ್ಟದ ಪರೀಕ್ಷೆ: ರೋಟರ್ ಒಂದು ಸುತ್ತು ತಿರುಗುವಾಗಿನ ಎಳೆತಗಳು = ಫೇಸ್ × ರೋಟರ್ ಹಲ್ಲು. 6/4ರಲ್ಲಿ 3 × 4 = 12. ಒಂದೊಂದಕ್ಕೆ 2 ಜೂಲ್, ಒಟ್ಟು 24 ಜೂಲ್. ಅದನ್ನು ಒಂದು ಸುತ್ತಿನ 6.283 ರೇಡಿಯನ್‌ನಿಂದ ಭಾಗಿಸಿದರೆ ಮತ್ತೆ 3.82. ಯಾವ ಲೆಕ್ಕ ಮಾಡಿದರೂ ಕೊನೆಗೆ ಹೀಗೆ ತಾಳೆ ನೋಡಿ. 8/6 ಮೋಟಾರ್‌ಗೆ 4 ಫೇಸ್, ಆದ್ದರಿಂದ 24 ಎಳೆತ, ಒಂದೊಂದೂ 15 ಡಿಗ್ರಿ.

ಒಂದು ಎಚ್ಚರಿಕೆ. ಕರೆಂಟ್ 40 ಮಾಡಿದರೆ ಟಾರ್ಕ್ ನಾಲ್ಕು ಪಟ್ಟು ಅನ್ನುತ್ತದೆ ಸೂತ್ರ. ನಿಜವಾದ ಉಕ್ಕು ಅಷ್ಟರಲ್ಲಿ ಕಾಂತತ್ವದಿಂದ ತುಂಬಿಹೋಗಿರುತ್ತದೆ, ಅಷ್ಟು ಟಾರ್ಕ್ ಸಿಗುವುದಿಲ್ಲ.

ಸದ್ದು

ಒಂದು ಫೇಸ್ ಬಿಟ್ಟು ಇನ್ನೊಂದು ಹಿಡಿಯುವಾಗ ಟಾರ್ಕ್ ಸ್ವಲ್ಪ ಕುಸಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಹಲ್ಲು ಹಲ್ಲನ್ನು ಪಕ್ಕಕ್ಕೆ ಎಳೆಯುವುದಕ್ಕಿಂತ ಎಷ್ಟೋ ಜೋರಾಗಿ ತನ್ನತ್ತಲೇ ಎಳೆಯುತ್ತದೆ. ಆ ಎಳೆತಕ್ಕೆ ಸ್ಟೇಟರ್ ಸುತ್ತು ಕುಗ್ಗಿ ಹಿಗ್ಗಿ ಗುಂಯ್‌ಗುಡುತ್ತದೆ. ಇಂಡಕ್ಟನ್ಸ್ ಏರಿಕೆ ಜಾಸ್ತಿ ಬೇಕೆಂದು ಹಲ್ಲುಗಳ ನಡುವಿನ ಗ್ಯಾಪ್ ಅರ್ಧ ಮಿಲಿಮೀಟರ್ ಆಸುಪಾಸಿಗೆ ಇಳಿಸಿರುತ್ತಾರೆ. ಬೇರಿಂಗ್ ಸ್ವಲ್ಪ ಸವೆದು ರೋಟರ್ ಒಂದು ಬದಿಗೆ ವಾಲಿದರೂ ಆ ಬದಿಯ ಎಳೆತ ಹೆಚ್ಚಾಗಿ ಇನ್ನಷ್ಟು ವಾಲುತ್ತದೆ. ಇದನ್ನು ಚಿಕ್ಕಪ್ಪನಿಗೆ ಹೇಳಿದಾಗ ಅವರು ಮೇಜಿನ ಮೇಲಿದ್ದ ಪಂಪ್ ಮೋಟಾರ್‌ನ ಶಾಫ್ಟ್ ಹಿಡಿದು ಆಚೀಚೆ ಅಲ್ಲಾಡಿಸಿ ತೋರಿಸಿದರು. “ನೋಡೋ, ಯಾವ ಮೋಟಾರ್ ಬಂದರೂ ನಾನು ಮೊದಲು ನೋಡೋದು ಇದನ್ನೇ,” ಅಂದರು.